ಕಾಗದ ಬಿಚ್ಚಿದ ಪಾತ್ರೆ ಅಂಗಡಿ

ರಜೆ ಶುರುವಾಗಿ ನಾಲ್ಕು ದಿನವಾಗಿತ್ತು. ಬೀದಿಯಲ್ಲಿ ಜನವೋ ಜನ. ಎಲ್ಲರೂ ನೆಂಟರಿಗೆ ಉಡುಗೊರೆ ಹುಡುಕುವವರೇ. ಪಾತ್ರೆ ಅಂಗಡಿಯ ಯಜಮಾನ ಮಾತ್ರ ಸ್ಟೂಲಿನ ಮೇಲೆ ಕೂತು ನೊಣ ಹೊಡೆಯುತ್ತಿದ್ದ. ಜನ ಅವನ ಬಾಗಿಲ ಮುಂದೆಯೇ ಹಾದು ಮುಖ್ಯರಸ್ತೆಯ ದೊಡ್ಡ ಮಳಿಗೆಗೆ ಹೋಗುತ್ತಿದ್ದರು.

ಆ ಮಳಿಗೆಯವರು ಅವನನ್ನೇ ಕೆಲಸಕ್ಕೆ ಕರೆದಿದ್ದರು. ಸೋಮವಾರ ಉತ್ತರ ಹೇಳಬೇಕು. ಇಪ್ಪತ್ತೆರಡು ವರ್ಷ ತನ್ನ ಅಂಗಡಿಗೆ ತಾನೇ ಯಜಮಾನನಾಗಿದ್ದವನಿಗೆ ಇದು ಗಂಟಲಲ್ಲಿ ಮುಳ್ಳು ಸಿಕ್ಕಂತಾಗಿತ್ತು. ಹೆಂಡತಿಗೂ ಅಷ್ಟೇ ಸಂಕಟ. ಆದರೆ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಪಕ್ಕದ ಅಂಗಡಿಯ ಟೈಲರಮ್ಮ ಬಂದಳು. ಕೊರಳಲ್ಲಿ ಟೇಪು. ವ್ಯಾಪಾರಿಗಳ ಸಂಘದ ತರಬೇತಿಗೆ ಹೋಗಿ ಬಂದ ಮೇಲೆ ಅವಳ ಬಾಯಿಗೆ ಬೀಗವೇ ಇಲ್ಲ ಎಂಬುದು ಇವನ ದೂರು.

"ಅಣ್ಣ, ನಮ್ಮತ್ತೆಗೆ ಏನಾದ್ರೂ ಕೊಡೋಣ ಅಂತ ಬಂದೆ."

"ಏನು ಬೇಕು?"

"ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ಏನೇನಿದೆ ತೋರಿಸಿ."

ಅವನು ಕಪಾಟಿನತ್ತ ಕೈ ಬೀಸಿದ. ನೆಲದಿಂದ ಸೂರಿನವರೆಗೂ ಹಳೆ ಪತ್ರಿಕೆಯಲ್ಲಿ ಸುತ್ತಿದ ಗಂಟುಗಳು. ಧೂಳು ಕೂತರೆ ಹೊಳಪು ಹೋಗುತ್ತದೆಂದು ಒಂದು ಚಮಚವನ್ನೂ ಬಿಡದೆ ಸುತ್ತಿಟ್ಟಿದ್ದ. ಯಾವುದರಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಬಂದವರಿಗೆ ಕಾಣುತ್ತಿದ್ದುದು ಮಾತ್ರ ಹಳೆ ಸುದ್ದಿ.

"ಇದು ಪಾತ್ರೆ ಅಂಗಡೀನೋ, ರದ್ದಿ ಅಂಗಡೀನೋ?" ಎಂದಳು ಟೈಲರಮ್ಮ. ಒಳಗೆ ಹೆಂಡತಿ ನಕ್ಕದ್ದು ಕೇಳಿಸಿತು.

"ಬೇಕಾದೋರು ಕೇಳ್ತಾರೆ, ಬಿಚ್ಚಿ ತೋರಿಸ್ತೀನಿ. ಇಷ್ಟು ವರ್ಷ ಹಾಗೇ ನಡೆದಿದೆ."

"ಕುಕ್ಕರ್ ಬೇಕಾದೋರು ಕೇಳ್ತಾರಣ್ಣ. ರಜೆಗೆ ಬರೋರ ತಲೇಲಿ ಸಾಮಾನು ಇರಲ್ಲ, ಯಾರೋ ಒಬ್ಬರು ಇರ್ತಾರೆ. ಅತ್ತೆ, ತಂಗಿ, ಪಾಠ ಹೇಳಿದ ಮೇಷ್ಟ್ರು. ಏನು ಬೇಕು ಅಂದ್ರೆ ತಬ್ಬಿಬ್ಬಾಗ್ತಾರೆ. ಯಾರಿಗೆ ಅಂತ ಕೇಳಿ."

"ಮಾತಲ್ಲಿ ಪಾತ್ರೆ ಮಾರೋಕಾಗುತ್ತಾ?" ಅವನು ಮೂಗು ಮುರಿದ.

"ನನ್ನನ್ನೇ ಕೇಳಿ ನೋಡಿ."

ಇವಳು ಸುಮ್ಮನೆ ಹೋಗುವವಳಲ್ಲ ಎಂದುಕೊಂಡು ಕೇಳಿದ. "ಸರಿ, ಯಾರಿಗೆ?"

"ಅತ್ತೆಗೆ. ಬೆರಳೆಲ್ಲ ಊದಿದೆ. ನೀರಿನ ಜಗ್ಗು ಎತ್ತೋಕೂ ಕಷ್ಟ ಪಡ್ತಾರೆ."

ಅವನು ಥಟ್ಟನೆ ಎದ್ದ. ಮೂರನೇ ಸಾಲಿನ ಒಂದು ಗಂಟು ಬಿಚ್ಚಿದ. ಅಗಲ ಹಿಡಿಯ ಹಗುರವಾದ ಜಗ್ಗು. "ಈ ಹಿಡಿಯೊಳಗೆ ನಾಲ್ಕು ಬೆರಳೂ ಹೋಗುತ್ತೆ. ಅದುಮಿ ಹಿಡಿಯೋದೇ ಬೇಡ."

ಟೈಲರಮ್ಮ ಜಗ್ಗನ್ನು ಎತ್ತಿ ನೋಡಿದಳು. ಅವಳ ದನಿ ಮೆತ್ತಗಾಯಿತು. "ದೊಡ್ಡ ಮಳಿಗೇಲಿ ಇದನ್ನ ಯಾರು ಹೇಳ್ತಾರಣ್ಣ?"

ಅವನು ಪಕ್ಕದ ಗಂಟನ್ನೂ ಬಿಚ್ಚಿದ. ಸಂಜೆ ಗಂಡಹೆಂಡತಿ ಸೇರಿ ಗಂಟುಗಳನ್ನೆಲ್ಲ ಬಿಚ್ಚಿದರು. ಬಾಗಿಲ ಬಳಿ ಒಂದು ದೀಪ ಹಾಕಿದರು. "ಧೂಳು ಕೂರುತ್ತೆ ಕಣೇ," ಎಂದು ಅವನು ಗೊಣಗಿದ. "ಒರೆಸಿದ್ರಾಯ್ತು. ನಿಮಗೂ ಎರಡು ಕೈ ಇದೆ," ಎಂದಳು.

ಮರುದಿನ ಬೆಳಗ್ಗೆಯೇ ಇಬ್ಬರು ಹೆಂಗಸರು ದೀಪದ ಬೆಳಕಲ್ಲಿ ಹೊಳೆಯುವ ಲೋಟಗಳನ್ನು ಕಂಡು ಒಳಗೆ ಬಂದರು. ಯಾರಿಗೆ ಎಂದು ಕೇಳಿದ. ಹೊಸದಾಗಿ ಬೇರೆ ಮನೆ ಮಾಡಿದ ತಂಗಿಗಂತೆ. ಗಂಡಹೆಂಡತಿ ಇಬ್ಬರಿಗೆ ಸಾಕಾಗುವ ಪಾತ್ರೆಗಳನ್ನು ಆರಿಸಿ ಕೊಟ್ಟ. ಆಮೇಲೆ ಬಣ್ಣದ ಕಾಗದದಲ್ಲಿ ಸುತ್ತತೊಡಗಿದ. ಇಪ್ಪತ್ತೆರಡು ವರ್ಷ ಸುತ್ತಿದ ಕೈಯಲ್ಲವೇ, ಒಂದು ಸುಕ್ಕಿಲ್ಲ, ಒಂದು ಅಂಚು ಓರೆಯಿಲ್ಲ. ಟೈಲರಮ್ಮ ಕೊಟ್ಟ ಬಟ್ಟೆಯ ಪಟ್ಟಿಯಿಂದ ಹೂಗಂಟು ಹಾಕಿದ. "ಸುತ್ತಿದ್ದಕ್ಕೆ ಎಷ್ಟು?" "ಅದಕ್ಕೆ ದುಡ್ಡಿಲ್ಲಮ್ಮ." ಅವನು ಸುತ್ತುವುದನ್ನು ನೋಡಲು ದಾರಿಹೋಕರೂ ನಿಂತರು. ರವಿಕೆ ಬಟ್ಟೆ ಕೇಳಿದವರನ್ನು ಪಕ್ಕದಂಗಡಿಗೆ ಕಳಿಸಿದ. ಅವಳು ತನ್ನ ಗಿರಾಕಿಗಳನ್ನು ಇಲ್ಲಿಗೆ ಕಳಿಸಿದಳು.

ಸೋಮವಾರ ಮಳಿಗೆಯಿಂದ ಫೋನ್ ಬಂತು. ಅವನು ಅದನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡ. ಕೈ ತುಂಬ ಕಾಗದ.

"ಇಲ್ಲ ಸರ್, ಬರೋಕಾಗಲ್ಲ. ನಮ್ಮಂಗಡೀಲಿ ಜನ ಇದ್ದಾರೆ."

ಹೆಂಡತಿ ಖಾಲಿ ಸ್ಟೂಲಿನ ಮೇಲೆ ಕೂತಳು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ, ಅಂತೂ ಹೊರಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಒಂದು ತಟ್ಟೆಯನ್ನೂ ಒರೆಸಿದಳು.

ಅಂಗಡಿ ಇಟ್ಟಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಮ್ಮೆ ರಸ್ತೆ ದಾಟಿ ಆ ಬದಿಯಲ್ಲಿ ನಿಂತು ನಿಮ್ಮ ಅಂಗಡಿಯನ್ನು ನೋಡಿ. ನಿಮ್ಮಲ್ಲಿ ಏನಿದೆ ಎಂದು ಅಲ್ಲಿಂದ ಕಾಣದಿದ್ದರೆ ಮುಚ್ಚಿಟ್ಟದ್ದನ್ನು ಬಿಚ್ಚಿಡಿ, ದೀಪ ಹಾಕಿ, ಪಕ್ಕದಂಗಡಿಯವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಆಮೇಲೆ ಬಾಗಿಲಿಗೆ ಬಂದವರನ್ನು ನಗುನಗುತ್ತಾ ಕೇಳಿ, ಯಾರಿಗೆ ಎಂದು.