ಕೊನೆಯ ಮಾತು ಆ ಕಡೆಯವರದು

ಅಮ್ಮನ ಮಾತು ಹೋಗಿ ಮೂವತ್ತೆಂಟು ದಿನವಾಗಿತ್ತು. ಇನ್ನೆರಡು ದಿನ ಕಳೆದರೆ ಅವಳ ಮನೆಯೂ ಹೋಗುವುದಿತ್ತು. ಮನೆಯೆಂದರೆ ನಾವಿಬ್ಬರೂ ಇರುವ ಮೂರನೆಯ ಮಹಡಿಯ ಈ ಎರಡು ಕೋಣೆಗಳಲ್ಲ. ಇವಕ್ಕೆ ಏನೂ ಆಗಿರಲಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಅಷ್ಟೆ. ಹೋಗಲಿದ್ದುದು ಆಟದೊಳಗಿನ ಮನೆ. ಹಿಮದ ಕಣಿವೆಯ ನೆತ್ತಿಯಲ್ಲಿ ಅಮ್ಮ ನಾಲ್ಕು ವರ್ಷ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ತಂಗುಮನೆ.

ಅಮ್ಮ ಆಟಕ್ಕೆ ಇಳಿದದ್ದು ಮಂಡಿಯ ದೆಸೆಯಿಂದ. ಆಪರೇಷನ್ ಆದಮೇಲೆ ವ್ಯಾಯಾಮ ಮಾಡಿಸುವವರು ಅವಳ ಕಣ್ಣಿಗೆ ಒಂದು ದೊಡ್ಡ ಕನ್ನಡಕ ಕಟ್ಟಿ, "ಎದುರಿಗೆ ಬೆಟ್ಟ ಕಾಣುತ್ತಲ್ಲ, ಹತ್ತಿ" ಅಂದರು. ಅಮ್ಮ ಕುರ್ಚಿಯಲ್ಲಿ ಕೂತೇ ಬೆಟ್ಟ ಹತ್ತಿದಳು. ಮಂಡಿನೋವು ಬಿಟ್ಟಿತು, ಬೆಟ್ಟ ಬಿಡಲಿಲ್ಲ. ಅದೇ ಕನ್ನಡಕದೊಳಗೆ ಸಾವಿರಾರು ಜನ ಒಟ್ಟಿಗೆ ಆಡುವ ಲೋಕಗಳೂ ಇವೆಯೆಂದು ತಿಳಿದಾಗ ಅವಳಿಗೆ ಅರವತ್ತೇಳು. ಅಲ್ಲಿ ಉಳಿದವರೆಲ್ಲ ತೋಳಗಳನ್ನು ಬೇಟೆಯಾಡುತ್ತ, ಒಬ್ಬರ ಕೋಟೆಯನ್ನೊಬ್ಬರು ಸುಡುತ್ತ ಇದ್ದರು. ಅಮ್ಮ ಮಾತ್ರ ಕಣಿವೆ ದಾಟಿ ಬಂದವರು ಬೆಂಕಿಯ ಮುಂದೆ ಕೂರಲಿ ಎಂದು ಒಂದು ಸೂರು ಎಬ್ಬಿಸಿದಳು.

"ಅಲ್ಲಮ್ಮ, ಆಟ ಅಂದ್ಮೇಲೆ ಗೆಲ್ಬೇಕಲ್ವಾ?" ಎಂದು ಕೇಳಿದ್ದೆ.

"ಗೆದ್ದೋರಿಗೂ ಚಳಿ ಆಗುತ್ತೆ ಕಣೆ" ಅಂದಿದ್ದಳು.

ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅವಳ ಬಂಡವಾಳವೆಲ್ಲ ಗಂಟಲು. ಅವಳ ಅಜ್ಜ ಪದ್ಯ ಕಟ್ಟುತ್ತಿದ್ದ. ಒಂದೂ ಅಚ್ಚಾಗಲಿಲ್ಲ, ಎಲ್ಲ ಅವಳ ನಾಲಗೆಯ ಮೇಲೆ ಉಳಿದವು. ನಾನು ಚಿಕ್ಕವಳಿದ್ದಾಗ ತನ್ನ ಸಮವಸ್ತ್ರದ ಸೀರೆಗೆ ಇಸ್ತ್ರಿ ಹಾಕುತ್ತ ಅವನ್ನು ಹೇಳುತ್ತಿದ್ದಳು. ಸಾಲು ನಿಂತಲ್ಲಿ ಇಸ್ತ್ರಿಪೆಟ್ಟಿಗೆಯೂ ನಿಲ್ಲುತ್ತಿತ್ತು. ಎಷ್ಟೋ ಸಲ ಸೆರಗಿನ ತುದಿ ಸುಟ್ಟದ್ದುಂಟು. ನಾನು ಮೇಜಿನ ಕೆಳಗೆ ಕೂತು ಕೇಳುತ್ತಿದ್ದೆ. ನನಗೆ ಹೇಳಲು ಬರುವುದಿಲ್ಲ, ಕೇಳಲು ಬರುತ್ತದೆ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕಿವಿ. ಆ ಕಿವಿಯಿಂದಲೇ ನನ್ನ ಹೊಟ್ಟೆಪಾಡೂ ನಡೆದಿದೆ: ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುವವಳು.

ಪದ್ಯದ ಕೊನೆಯ ಒಂದು ಮಾತನ್ನು ಅಮ್ಮ ಎಂದೂ ತಾನೇ ಹೇಳುತ್ತಿರಲಿಲ್ಲ. ಅಲ್ಲಿಗೆ ಬಂದು ನಿಲ್ಲುವಳು, ಕೇಳುವವರು ಹೇಳಬೇಕು. ಅದು ಎಕ್ಸ್‌ಚೇಂಜಿನಲ್ಲಿ ಬಂದ ರೂಢಿ. "ನಾನೊಬ್ಬಳೇ ಮಾತಾಡ್ತಾ ಹೋದ್ರೆ ಲೈನು ಸಿಕ್ಕಿದೆ ಅಂತ ಗೊತ್ತಾಗೋದು ಹೇಗೆ? ಕೊನೆ ಮಾತು ಯಾವಾಗ್ಲೂ ಆ ಕಡೆಯವರದು" ಎನ್ನುತ್ತಿದ್ದಳು. ತಂಗುಮನೆಯ ಬಾಗಿಲಿಗೂ ಇದೇ ಕಟ್ಟಳೆ ಮಾಡಿದ್ದಳು. ಬಂದವರು ಹೊರಗೆ ನಿಂತು ಮೊದಲ ಸಾಲು ಹೇಳಬೇಕು, ಒಳಗಿನಿಂದ ಅಮ್ಮ ಮುಂದಿನದನ್ನು ಹೇಳಿ ಕೊನೆಯಲ್ಲಿ ನಿಲ್ಲುವಳು, ಎಲ್ಲರೂ ಸೇರಿ ಆ ಒಂದು ಮಾತು ಹೇಳಿದಮೇಲೆ ಅಗುಳಿ ತೆಗೆಯುವಳು. ಪದ್ಯ ಇದು:

ದೂರ ನಡೆದವರಾರೆ ಬಂದರು
ಬೇರೆ ಮಾತೇಕವರಿಗೀಗಲೆ
ದಾರಿ ಧೂಳನು ಕೊಡವಿ ಕೂರಿಸಿ ಕೊಡು ಮೊದಲು ನೀರ

ದಿನಾ ಸಂಜೆ ಐದಕ್ಕೆ ತಪ್ಪದೆ ಬರುವವರು ಮೂವರು. ಒಬ್ಬ ಲಾರಿ ಓಡಿಸುವವನು. ಸರಕು ಇಳಿಯುವ ತನಕ ಫೋನಿನಲ್ಲೇ ಆಡುವವನು. ಎಲ್ಲರೂ ಅವನನ್ನು 'ಲಾರಿ' ಎಂದೇ ಕರೆಯುತ್ತಿದ್ದರು. ಇನ್ನೊಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಮೂರನೆಯವಳು ಆಸ್ಪತ್ರೆಯ ನರ್ಸ್, ಅಡ್ಡಹೆಸರು ಗುಬ್ಬಿ. ಇವರು ಯಾರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ.

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದ ಅಮ್ಮ ಬಿದ್ದಳು. ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತಂತೆ. ಎರಡು ವಾರಕ್ಕೆ ಕೈಕಾಲು ಬಂದವು, ಮಾತು ಬರಲಿಲ್ಲ. ಉಳಿದದ್ದು ಒಂದೇ: "ಅದೇ." ಹಸಿವಾದರೂ ಅದೇ, ಸೆಕೆಯಾದರೂ ಅದೇ. ಒಳಗೆ ಎಲ್ಲ ತಿಳಿಯುತ್ತದೆ, ಹೊರಗೆ ಬರುವ ದಾರಿ ಕಡಿದಿದೆ, ಕಾಯಬೇಕು ಎಂದರು ಡಾಕ್ಟರು. ನನಗೆ ಕಾಯಲಾಗುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಐದು ನಿಮಿಷ ತಡವರಿಸಿದರೂ ಪೆನ್ನು ಎತ್ತಿ ಹಿಡಿದು ಕೂರುವವಳು ನಾನು. ಮನೆಯಲ್ಲಿ ಅಮ್ಮ "ಅದೇ…" ಅಂದರೆ ಸಾಕು, "ಕಾಫಿನಾ? ಹೊದಿಕೆನಾ? ಕಿಟಕಿ ಹಾಕ್ಲಾ? ಮಾತ್ರೆನಾ?" ಎಂದು ಸುರಿಮಳೆ. ಅವಳು ಸೋತು ಯಾವುದಕ್ಕೋ ಒಂದಕ್ಕೆ ತಲೆಯಾಡಿಸುವಳು. ಬೇಡದ ಕಾಫಿಯನ್ನು ಎಷ್ಟು ಸಲ ಕುಡಿದಳೋ.

ಆಟದ ಕಂಪನಿಯಿಂದ ಓಲೆ ಬಂದದ್ದು ಹೀಗಿರುವಾಗ. ಯಜಮಾನರು ನಲವತ್ತು ದಿನ ಕಾಲಿಡದ ಮನೆಯನ್ನು ಕೆಡವಿ ಜಾಗವನ್ನು ಬೇರೆಯವರಿಗೆ ಕೊಡಲಾಗುವುದು. ಬರಲಾಗದವರಿಗೆ ಹೊಸದಾಗಿ ಒಂದು ಅನುಕೂಲವೂ ಇತ್ತು: 'ಬದಲಿ'ಯನ್ನು ಕೂರಿಸಬಹುದು. ಆಟದೊಳಗೆ ವರ್ಷಗಟ್ಟಲೆ ಆಡಿದ ಮಾತುಗಳಿಂದ ಯಂತ್ರವೇ ಯಜಮಾನರ ಧ್ವನಿ, ಧಾಟಿ ಎಲ್ಲ ಕಲಿತುಕೊಂಡು ಮನೆ ನಡೆಸುತ್ತದೆ. ಒಪ್ಪಿಗೆ ಒತ್ತಿದರೆ ಆಯಿತು.

ಅಮ್ಮನಿಗೆ ಓಲೆ ತೋರಿಸಿದೆ. ಕನ್ನಡಕ ಮುಂದೆ ಹಿಡಿದೆ. ಅದನ್ನು ಮುಟ್ಟಿದಳು, ಸವರಿದಳು, ಮತ್ತೆ ದೂಡಿದಳು. ಆ ಮೂವರ ಮುಂದೆ ಬಾಯಿಲ್ಲದೆ ಹೋಗಿ ಕೂರಲು ಅವಳಿಗೆ ನಾಚಿಕೆ. ಅಷ್ಟು ನನಗೂ ಅರ್ಥವಾಯಿತು. ಅಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾನು ಒಪ್ಪಿಗೆ ಒತ್ತಿದೆ. ಕೇಳಿದ್ದರೆ ತಾನೇ ಏನು ಹೇಳುತ್ತಿದ್ದಳು ಎಂದು ಸಮಾಧಾನ ಮಾಡಿಕೊಂಡೆ. ತಲೆಯಾಡಿಸಲು ಅವಳಿಗೆ ಬರುತ್ತಿತ್ತು.

ಐದಕ್ಕೆ ಊಟದ ಮೇಜಿನ ಮೇಲೆ ಟ್ಯಾಬ್ ಒರಗಿಸಿ ನೋಡಿದೆ. ತಂಗುಮನೆಯ ಕಿಟಕಿಯಲ್ಲಿ ಬೆಳಕು. ಹೊರಗೆ ಹಿಮದಲ್ಲಿ ಮೂವರು.

"ಬೆಳಕು! ಅಕ್ಕ ಬಂದಿದಾರೆ!" ಗುಬ್ಬಿ ಕೂಗಿದಳು. "ಮೇಷ್ಟ್ರೇ, ನಾನ್ ಹೇಳಿರ್ಲಿಲ್ವಾ?"

"ನೀನು ದಿನಾ ಹೇಳ್ತಿದ್ದೆ. ನಿಂತ ಗಡಿಯಾರಾನೂ ದಿನಕ್ಕೆರಡು ಸಲ ಸರಿ ತೋರಿಸುತ್ತೆ" ಅಂದರು ಮೇಷ್ಟ್ರು. ಆದರೂ ಬಾಗಿಲ ಹತ್ತಿರ ಮೊದಲು ಸರಿದವರು ಅವರೇ.

ಲಾರಿ ಗಂಟಲು ಸರಿಮಾಡಿಕೊಂಡು ಹೇಳಿದ: "ದೂರ ನಡೆದವರಾರೆ ಬಂದರು…"

ಒಳಗಿನಿಂದ ಅಮ್ಮನ ಧ್ವನಿ ಬಂತು. ಅದೇ ಏರಿಳಿತ, 'ಧೂಳನು' ಎನ್ನುವಲ್ಲಿ ಅದೇ ಸಣ್ಣ ಗೊಗ್ಗರು. ಧ್ವನಿ ಎಲ್ಲೂ ಎಡವದೆ ಸಾಗಿ, "ಕೊಡು ಮೊದಲು ನೀರ" ಎಂದು ಪದ್ಯವನ್ನು ಪೂರ್ತಿ ಮುಗಿಸಿತು. ಅಗುಳಿ ತೆರೆಯಿತು. "ಬನ್ನಿ ಬನ್ನಿ, ಎಷ್ಟು ದಿನ ಆಯ್ತು!"

ಯಾರೂ ಒಳಗೆ ಬರಲಿಲ್ಲ.

ಕೊನೆಯ ಮಾತು ಹೇಳಲು ಬಾಯಿ ತೆರೆದಿದ್ದ ಮೂವರೂ ಹಾಗೇ ನಿಂತಿದ್ದರು. ಲಾರಿ ಮೆಲ್ಲಗೆ ಕೇಳಿದ, "ಯಾರಮ್ಮ ನೀನು?"

"ನಾನೇ ಕಣೋ, ಎಕ್ಸ್‌ಚೇಂಜ್ ಅಕ್ಕ."

"ಅಲ್ಲ" ಅಂದ ಲಾರಿ. "ನಮ್ಮಕ್ಕ ನಮಗೊಂದು ಮಾತು ಬಿಡ್ತಾರೆ."

ನನ್ನ ಬೆನ್ನ ಹಿಂದೆ ಏನೋ ಸರಿದಂತಾಯಿತು. ಅಮ್ಮ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾನು ಕಳೆದುಕೊಂಡ ಧ್ವನಿ ಮೇಜಿನ ಮೇಲೆ ನಿಂತು, "ಚಳಿ ಜಾಸ್ತಿ, ಒಳಗೆ ಬನ್ನಿ" ಎಂದು ಉಪಚಾರ ಮಾಡುತ್ತಿತ್ತು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅದೇ" ಕೂಡ ಅನ್ನಲಿಲ್ಲ. ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಮಗಳು ಮಾಡಬಾರದ್ದನ್ನು ಮಾಡಿದೆನೆಂದು ಆಗ ತಿಳಿಯಿತು. ಬದಲಿಯನ್ನು ಅಲ್ಲೇ ತೆಗೆದುಹಾಕಿದೆ. ಕಿಟಕಿಯ ಬೆಳಕು ಆರಿತು. ಮೈಕು ಒತ್ತಿ ಮೂವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟು ಮಾತನ್ನು ಒಟ್ಟಿಗೆ ನಾನು ಬದುಕಿನಲ್ಲೇ ಆಡಿರಲಿಲ್ಲ.

ಗುಬ್ಬಿ ಮೂಗು ಸೀಟಿದಳು. ಮೇಷ್ಟ್ರು ಕೇಳಿದರು, "ಮನೆ ಉಳಿಯೋಕೆ ಎಷ್ಟು ದಿನ ಇದೆ ತಾಯಿ?"

"ಎರಡು."

"ಹಾಗಾದ್ರೆ ಅವರನ್ನ ಕರ್ಕೊಂಡು ಬಾ. ಮಾತಾಡೋದೇನೂ ಬೇಡ, ಬಂದು ಕೂತ್ಕೊಳ್ಳಲಿ. ನಮ್ಮ ಸಾಲು ನಾವು ಹೇಳಿ ಬಾಗಿಲಲ್ಲಿ ನಿಂತಿರ್ತೀವಿ. ಅದು ರೂಢಿ. ಅಗುಳಿ ತೆಗೆದ್ರೂ ಸರಿ, ತೆಗೀದಿದ್ರೂ ಸರಿ."

"ಮನೆ ಹೋದ್ರೆ ಹೋಗ್ಲಿ" ಅಂದ ಲಾರಿ. "ಹಿಮದಲ್ಲೇ ಕೂರೋಣ. ನನಗೇನು, ನಾನು ಕ್ಯಾಬಿನ್ನಲ್ಲಿ ಬೆವರ್ತಾ ಇದೀನಿ."

ಮರುದಿನ ನಾನು ರಜೆ ಹಾಕಿದೆ. ಅಮ್ಮನ ಮಂಚದ ಪಕ್ಕ ಕೂತು, ತಪ್ಪಾಯಿತು ಅಂದೆ. ಬದಲಿಯನ್ನು ತೆಗೆದದ್ದು, ಮೂವರು ಆಡಿದ್ದು, ಲಾರಿಯ ಬೆವರು, ಎಲ್ಲವನ್ನೂ ಕಡತ ಓದುವಂತೆ ಒಪ್ಪಿಸಿದೆ. 'ನಮಗೊಂದು ಮಾತು ಬಿಡ್ತಾರೆ' ಎಂಬಲ್ಲಿಗೆ ಬಂದಾಗ ಅಮ್ಮ ಗೋಡೆಯ ಕಡೆಯಿಂದ ಈಚೆಗೆ ತಿರುಗಿದಳು. "ಹೋಗೋಣವಾ?" ಎಂದು ಕೇಳಿ, ಈ ಸಲ ಬಾಯಿ ಮುಚ್ಚಿಕೊಂಡು ಕೂತೆ. ಸಂಜೆ ನಾಲ್ಕೂವರೆಗೆ ಅವಳು ತಾನೇ ಎದ್ದು ತಲೆ ಬಾಚಿಕೊಂಡಳು. ಆಟದೊಳಗೆ ತಲೆ ಯಾರಿಗೂ ಕಾಣದು. ಆದರೂ ಬಾಚಿಕೊಂಡಳು.

ಕನ್ನಡಕ ಕಟ್ಟಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಟ್ಯಾಬಿನಲ್ಲಿ ತಂಗುಮನೆಯ ಕಿಟಕಿ ಬೆಳಗಿತು. ಮನೆ ಉಳಿಯಿತು. ಯಜಮಾನಿ ಕಾಲಿಟ್ಟಳು, ನಿಯಮಕ್ಕೆ ಅಷ್ಟು ಸಾಕು. ನನಗೆ ಸಾಲದು, ಅಮ್ಮನಿಗೂ ಸಾಲದೆಂದು ಕುರ್ಚಿಯ ತೋಳನ್ನು ಹಿಡಿದ ಅವಳ ಬೆರಳುಗಳೇ ಹೇಳುತ್ತಿದ್ದವು.

ಹೊರಗಿನಿಂದ ಲಾರಿಯ ದನಿ: "ದೂರ ನಡೆದವರಾರೆ ಬಂದರು…"

ಅಮ್ಮನ ತುಟಿ ಅಲುಗಿತು. "ಅ…" ಅಂದಳು. ನಿಂತಿತು.

ಮುಂದಿನ ಸಾಲು ನನ್ನ ನಾಲಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು ಎತ್ತಿಕೊಟ್ಟರೆ ಸಾಕು ಅನ್ನಿಸಿತು. ದೇವರೇ, ಇವತ್ತೊಂದು ದಿನ ನನ್ನ ಬಾಯಿ ಕಟ್ಟು ಎಂದು ಬೇಡಿಕೊಂಡು ಸೆರಗನ್ನು ಹಲ್ಲಲ್ಲಿ ಕಚ್ಚಿದೆ. ಹೊರಗೆ ಹಿಮ ಬೀಳುತ್ತಿತ್ತು. ಮೂವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಮ್ಮನ ಬೆರಳು ಕುರ್ಚಿಯ ತೋಳನ್ನು ತಟ್ಟತೊಡಗಿತು, ಮೂರು, ನಾಲ್ಕು, ಮೂರು, ನಾಲ್ಕು. ಪದ್ಯದ ತಾಳಕ್ಕೆ ಇಸ್ತ್ರಿಪೆಟ್ಟಿಗೆ ಓಡುತ್ತಿದ್ದ ಲೆಕ್ಕ ಅದು.

"ಬೇರೆ" ಅಂದಳು ಅಮ್ಮ.

ಧ್ವನಿ ಒಡೆದಿತ್ತು, ತುಕ್ಕು ಹಿಡಿದಿತ್ತು. ಯಂತ್ರದ ಧ್ವನಿಯ ಮುಂದೆ ಇದನ್ನು ಯಾರೂ ಅಮ್ಮನದೆನ್ನುವಂತಿರಲಿಲ್ಲ. "ಬೇರೆ ಮಾತೇಕವರಿಗೀಗಲೆ… ದಾರಿ ಧೂಳನು ಕೊಡವಿ… ಕೂರಿಸಿ… ಕೊಡು ಮೊದಲು…"

ನಿಂತಳು. ಸಿಕ್ಕಿಕೊಂಡಳೋ, ನಿಲ್ಲಬೇಕಾದಲ್ಲಿ ನಿಂತಳೋ, ಇವತ್ತಿಗೂ ನಾನು ಅರಿಯೆ. ಹೊರಗಿದ್ದವರಿಗೆ ಆ ಅನುಮಾನವೇ ಬರಲಿಲ್ಲ.

"ನೀರ!" ಅಂದವು ಮೂರು ಕಂಠಗಳು. ಮೇಷ್ಟ್ರದು ಅರ್ಧ ಕ್ಷಣ ಹಿಂದೆ.

ಅಮ್ಮ ಅಗುಳಿ ತೆಗೆದಳು. ಮೂವರೂ ನುಗ್ಗಿ ಬಂದು ಬೆಂಕಿಯ ಮುಂದೆ ಕೂತರು.

"ಹೇಗಿದೀರಕ್ಕ?" ಲಾರಿ ಕೇಳಿದ.

ಅಮ್ಮ ಬಾಯಿ ತೆರೆದಳು. "ಅದೇ…" ಅಂದಳು. "ಅದೇ… ಅದೇ…"

"ನಮ್ದೂ ಅದೇ ಅಕ್ಕ" ಅಂದ ಲಾರಿ. "ಅದೇ ರೋಡು, ಅದೇ ಗಾಡಿ, ಅದೇ ಸೊಂಟನೋವು."

ಕನ್ನಡಕದ ಕೆಳಗೆ ಅಮ್ಮನ ಕೆನ್ನೆ ಒದ್ದೆಯಾಗಿತ್ತು, ಹೊಟ್ಟೆ ಕುಲುಕುತ್ತಿತ್ತು. ಮೂವತ್ತೊಂಬತ್ತು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮರುದಿನ ಬೆಳಗ್ಗೆ ನಾನು ನ್ಯಾಯಾಲಯಕ್ಕೆ ಹೊರಟು ನಿಂತಾಗ ಅಮ್ಮ ಕೈಯೆತ್ತಿ, "ಅದೇ…" ಅಂದಳು. ಕಾಫಿನಾ ಎಂದು ಕೇಳಹೋದವಳು ತಡೆದುಕೊಂಡೆ. ಚೀಲ ಕೆಳಗಿಟ್ಟು ಎದುರಿಗೆ ಕೂತೆ. ಎಂದೂ ಪದ್ಯ ಹೇಳಿದವಳಲ್ಲ. ನನ್ನ ಧ್ವನಿಗೆ ನಾನೇ ಬೆಚ್ಚಿದೆ. ಮೊದಲ ಸಾಲಿನಿಂದ ಹಿಡಿದು "ಕೊಡು ಮೊದಲು" ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಪದ್ಯದಲ್ಲಿ ಎಂದೂ ಅವಳು ಬಾಯಲ್ಲಿ ಆಡದ ಮಾತು ಅದೊಂದೇ. ಈಗ ಆ ಕಡೆಯವಳು ಅವಳು.

ಬಸ್ಸು ಕೆಳಗೆ ಬಂದು ಹಾರನ್ ಹೊಡೆದು ಹೊರಟುಹೋಯಿತು. ನಾನು ಏಳಲಿಲ್ಲ.

"ನೀರ" ಅಂದಳು ಅಮ್ಮ.

ಓಡಿಹೋಗಿ ಲೋಟ ತುಂಬಿ ತಂದೆ. ಅಮ್ಮ ಅದನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದಳು. ಬೆರಳು ತೋರಿದ್ದು ಕಪಾಟಿನ ಮೇಲಿದ್ದ ಆಟದ ಕನ್ನಡಕದ ಕಡೆಗೆ. ಅವಳಿಗೆ ಬೇಕಾದದ್ದು ಅದು. ನನ್ನ ಮುಖ ಕಂಡು ಅವಳಿಗೆ ಏನನ್ನಿಸಿತೋ, ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಗುಟುಕೂ ಬಿಡದೆ ಕುಡಿದಳು.