ಚಪ್ಪಲಿಯವನ ಹೆಂಡತಿಯ ಹಿಮ್ಮಡಿ

ನನ್ನ ಹೆಂಡತಿಗೆ ಹಿಮ್ಮಡಿ ನೋವು ಎಂಬ ಸಂಗತಿ ಆಸ್ಪತ್ರೆಗೆಲ್ಲ ಗೊತ್ತಾಗಿ, ನಮ್ಮ ಬೀದಿಗೂ ಗೊತ್ತಾಗಿ, ಕೊನೆಗೆ ಗೊತ್ತಾಗದೆ ಉಳಿದವನು ನಾನೊಬ್ಬನೇ. ಅದನ್ನು ನನಗೆ ಹೇಳಿದವಳೂ ಅವಳಲ್ಲ, ಅವಳು ನರ್ಸಾಗಿರುವ ವಾರ್ಡಿನ ಆಯಾ. ಕಿತ್ತುಹೋದ ಚಪ್ಪಲಿಯ ಪಟ್ಟಿ ಹೊಲಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಳು.

“ಅಕ್ಕನ ಕಾಲು ಈಗ ಹೇಗಿದೆ?” ಎಂದು ಕೇಳಿದಳು.

“ಯಾವ ಅಕ್ಕ?”

“ಅಯ್ಯೋ, ನಿಮ್ಮನೆಯೋರು! ಪಾಪ, ಗೋಡೆ ಹಿಡ್ಕೊಂಡು ನಡೀತಾರೆ. ಹೆರಿಗೆ ವಾರ್ಡಿಂದ ತೆಗೆದು ದಾಖಲೆ ಕೋಣೆಗೆ ಹಾಕ್ತಾರಂತಲ್ಲ...” ಎಂದವಳು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ನಾನು ಮೂವತ್ತು ವರ್ಷದಿಂದ ಚಪ್ಪಲಿ, ಬೂಟು ಮಾಡಿಕೊಂಡು ಬಂದವನು. ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ ಆ ಮನುಷ್ಯನ ಸೊಂಟ ಯಾವ ಕಡೆಗೆ ವಾಲುತ್ತದೆ ಎಂದು ಹೇಳುತ್ತೇನೆ. ಅಂಥವನ ಹೆಂಡತಿ ಕುಂಟುತ್ತಾಳೆ ಎಂದರೆ ಅಡುಗೆಯವನ ಮನೆಯಲ್ಲಿ ಉಪವಾಸ ಮಲಗಿದ ಹಾಗೆ. ನನಗೆ ಮೊದಲು ಬಂದದ್ದು ಕನಿಕರವಲ್ಲ, ಕೋಪ. ಅದು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಕರೆಯುವ ಮೊದಲೇ ಬರುತ್ತದೆ.

ನಾವಿಬ್ಬರೇ ಇರುವ ಮನೆ, ಆದರೆ ಎರಡು ಪಾಳಿಯ ಮನೆ. ಅವಳು ಐದಕ್ಕೆ ಎದ್ದು ಆರಕ್ಕೆ ಆಸ್ಪತ್ರೆಯಲ್ಲಿರುತ್ತಾಳೆ. ನಾನು ಏಳಕ್ಕೆ ಏಳುವವನು. ಮಧ್ಯಾಹ್ನ ಮೂರಕ್ಕೆ, ಅವಳು ಪಾಳಿ ಮುಗಿಸಿ ಬಂದ ಮೇಲೆ, ಊಟಕ್ಕೆ ಮನೆಗೆ ಹೋದರೂ ತಟ್ಟೆ, ಪೇಪರು, ಒಂದು ಕೋಳಿ ನಿದ್ದೆ, ಮತ್ತೆ ಅಂಗಡಿ. ಅಂಗಡಿ ಮುಚ್ಚಿ ಬರುವಾಗ ಅವಳು ಮಲಗಿರುತ್ತಾಳೆ. ಅವಳು ನಡೆಯುವುದನ್ನು ನಾನು ನೋಡಿ ಎಷ್ಟು ದಿನವಾಗಿತ್ತೋ ಏನೋ.

ಅವತ್ತು ಮಧ್ಯಾಹ್ನ ಪೇಪರು ಬಿಡಿಸಲಿಲ್ಲ. “ಏನೇ ಅದು ಹಿಮ್ಮಡಿ ನೋವು?” ಎಂದು ನೇರವಾಗಿಯೇ ಕೇಳಿದೆ.

“ಸ್ವಲ್ಪ ಇದೆ. ನಿಂತು ನಿಂತು ಬಂದಿರೋದು. ಹೋಗತ್ತೆ ಬಿಡಿ.”

“ದಾಖಲೆ ಕೋಣೆ ಅಂತೆ?”

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. “ದೊಡ್ಡ ಸಿಸ್ಟರ್ ಎರಡು ತಿಂಗಳು ನೋಡ್ತಾರಂತೆ. ಆಗ್ಲೂ ಹೀಗೇ ಇದ್ರೆ ಕುರ್ಚಿ ಕೆಲಸ. ನನ್ನ ಒಳ್ಳೇದಕ್ಕೇ ಹೇಳ್ತಿದಾರೆ, ಬಿಡಿ.”

“ಕುರ್ಚಿ ಕೆಲಸ ಅಂದ್ರೆ ಆರಾಮಲ್ವಾ?”

“ಆರಾಮೇ. ಹುಟ್ಟಿದ ಮಕ್ಕಳ ತೂಕ ಬರೀಬೇಕು, ಹೊತ್ತು ಬರೀಬೇಕು. ಅಳು ಮಾತ್ರ ಕೇಳ್ಸಲ್ಲ.” ಇಷ್ಟು ಹೇಳಿ ಎದ್ದು ತಟ್ಟೆ ತೊಳೆಯಲು ಹೋದಳು. ಇಪ್ಪತ್ತೆರಡು ವರ್ಷ ಆ ವಾರ್ಡಿನಲ್ಲಿ ಮಕ್ಕಳನ್ನು ಮೊದಲ ಬಾರಿಗೆ ಕೈಯಲ್ಲಿ ಎತ್ತಿಕೊಂಡವಳು ಅವಳು. ನಲ್ಲಿಯ ಸದ್ದಿನಲ್ಲಿ ಮೂಗು ಒರೆಸಿಕೊಂಡದ್ದು ನನಗೆ ಗೊತ್ತಾಯಿತು.

ಸರಿ, ಚಪ್ಪಲಿಯವನು ಏನು ಮಾಡುತ್ತಾನೆ? ಚಪ್ಪಲಿ ಮಾಡುತ್ತಾನೆ. ಒಳ ಅಟ್ಟೆಯ ಕೆಳಗೆ ದಪ್ಪ ಸ್ಪಂಜು ಇಟ್ಟು ಒಂದು ಜೊತೆ ಹೊಲಿದೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಹಾಯಾಗಿದೆ” ಎಂದಳು. ವಾರ ಕಳೆಯಿತು. ಪೂರ್ತಿ ವಾಸಿಯಾಯಿತಾ ಎಂದರೆ “ಆಗ್ತಾ ಇದೆ” ಎಂದಳು. ಹಾಗಾದರೆ ಇನ್ನೂ ಮೆತ್ತಗೆ ಬೇಕು ಎಂದುಕೊಂಡು ಎರಡು ಪದರದ ಸ್ಪಂಜಿನ ಇನ್ನೊಂದು ಜೊತೆ ಹೊಲಿದೆ. ಅದೂ ಹಾಯಾಗಿತ್ತು. ಮೂರನೆಯದು ಹೇಗಿತ್ತೆಂದರೆ ಕಾಲಿಟ್ಟರೆ ಹೆಬ್ಬೆರಳು ಮುಳುಗುತ್ತಿತ್ತು. ನನ್ನ ಕೈಕೆಲಸಕ್ಕೆ ನಾನೇ ಮರುಳಾಗಿ, ಅದನ್ನು ಗಿರಾಕಿಗಳಿಗೂ ತೋರಿಸಿದೆ.

ಹೀಗೆ ಮೂರು ವಾರ ಹೋಯಿತು. ಒಂದು ಮುಂಜಾನೆ ಗಂಟಲು ಒಣಗಿ ನನಗೆ ಐದಕ್ಕೇ ಎಚ್ಚರವಾಯಿತು. ಕಿಟಕಿಯಿಂದ ಬೀದಿ ದೀಪದ ಬೆಳಕು ಬರುತ್ತಿತ್ತು. ಅವಳು ಮಂಚದ ಅಂಚಿನಲ್ಲಿ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಒಂದು ಕೈಯಿಂದ ಕುರ್ಚಿಯ ಬೆನ್ನು ಹಿಡಿದಳು. ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಒತ್ತಿಕೊಂಡಳು. ಆಮೇಲೆ ಬಲಗಾಲನ್ನು ಬರಿ ನೆಲಕ್ಕೆ ಇಟ್ಟಳು. ಇಟ್ಟ ಕ್ಷಣ ಅವಳ ಬೆನ್ನು ಬಾಗಿಹೋಯಿತು. ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ, ಹಿಮ್ಮಡಿ ಊರದೆ ಬೆರಳುಗಳ ಮೇಲೆ ಹೋದಳು. ಬಾಯಿಗೆ ಒತ್ತಿದ ಕೈಯನ್ನು ಬಾಗಿಲು ದಾಟುವವರೆಗೂ ತೆಗೆಯಲಿಲ್ಲ. ಅದು ನನಗೆ ಎಚ್ಚರವಾಗಬಾರದೆಂದು.

ಎದ್ದು ಕೂತೆ. ಆದರೆ ಬಾಯಿಂದ ಬಂದದ್ದು ಮಾತ್ರ ನನ್ನ ಹಳೆಯ ದನಿಯೇ.

“ಇದೇನಾ ಹಾಯಾಗಿರೋದು?”

ಅವಳು ಬಾಗಿಲಲ್ಲೇ ನಿಂತಳು. “ಏಳುವಾಗ ಮಾತ್ರ ಹೀಗೆ ಆಗೋದು. ಹತ್ತು ಹೆಜ್ಜೆ ನಡೆದ್ರೆ ಸಡಿಲ ಆಗತ್ತೆ. ಮತ್ತೆ ಪಾಳಿ ಮುಗಿಯೋ ಹೊತ್ತಿಗೆ ಶುರು.”

“ಡಾಕ್ಟರಿಗೆ ತೋರ್ಸಿದ್ಯಾ?”

“ತೋರ್ಸಿದೆ. ಮೂಳೆಗೇನೂ ಆಗಿಲ್ಲ, ಅಂಗಾಲಿನ ಕೆಳಗಿರೋ ನಾರಿನ ಪಟ್ಟಿ ಊದಿಕೊಂಡಿದೆ ಅಂದ್ರು. ಅಲ್ಲೇ ವ್ಯಾಯಾಮ ಹೇಳ್ಕೊಡೋ ಹುಡುಗಿ ಒಂದು ಕಾಗದದಲ್ಲಿ ಎಲ್ಲ ಬರ್ಕೊಟ್ಟಿದಾಳೆ.”

“ಎಲ್ಲಿ ಕಾಗದ?”

ಕೈಚೀಲದ ಒಳಗಿನ ಒಳಗಿಂದ ತೆಗೆದುಕೊಟ್ಟಳು. ಎಂಟು ಮಡಿಕೆ ಮಾಡಿದ್ದಳು. ದೀಪ ಹಾಕಿ ಓದಿದೆ. ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಎಳೆದು ಸಡಿಲಿಸಬೇಕು, ಬರಿಗಾಲಲ್ಲಿ ನೆಲ ಮೆಟ್ಟಬಾರದು, ಗೋಡೆಗೆ ಕೈಯೂರಿ ಮೀನಖಂಡವನ್ನು ಎಳೆಯಬೇಕು, ಕೆಲಸ ಮುಗಿದ ಮೇಲೆ ಐಸ್ ಇಡಬೇಕು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿತ್ತು: ತೀರಾ ಮೆತ್ತಗಿನ, ಚಪ್ಪಟೆಯಾದ ಚಪ್ಪಲಿ ಬೇಡ, ಅಂಗಾಲಿಗೆ ಆಸರೆ ಕೊಡುವ ಗಟ್ಟಿ ಅಟ್ಟೆ ಬೇಕು. ಮೇಲಿದ್ದ ತಾರೀಖು ನಾನು ಮೊದಲ ಜೊತೆ ಹೊಲಿಯುವುದಕ್ಕಿಂತ ಮುಂಚಿನದು.

“ಇದನ್ನ ಯಾಕೆ ತೋರಿಸ್ಲಿಲ್ಲ?”

“ಹೇಗೆ ತೋರಿಸ್ಲಿ? ಒಂದೊಂದು ಸಲಾನೂ ಚಪ್ಪಲೀನ ಎರಡೂ ಕೈಯಲ್ಲಿ ಹಿಡ್ಕೊಂಡು, ಹುಟ್ಟಿದ ಮಗೂನ ತೋರ್ಸೋರ ಥರ ಬರ್ತಿದ್ರಿ. ಮಗು ಚೆನ್ನಾಗಿಲ್ಲ ಅಂತ ಯಾರಿಗಾದ್ರೂ ಹೇಳಕ್ಕಾಗತ್ತಾ?”

ನಗಬೇಕಿತ್ತು. ನನಗೆ ಆಗ ನಗು ಬರಲಿಲ್ಲ. ಅವಳು ಕೆಲಸಕ್ಕೆ ಹೋದಳು, ನಾನು ಮುಖ ಊದಿಸಿಕೊಂಡು ಅಂಗಡಿಗೆ ಹೋದೆ. ಇಷ್ಟು ವರ್ಷ ಜೊತೆಗಿದ್ದು ಅವಳು ನನಗೆ ಇಷ್ಟು ಹೆದರುತ್ತಾಳಾ ಎಂದು ಒಮ್ಮೆ, ನನ್ನ ಕೆಲಸದ ಮೇಲೆ ನಂಬಿಕೆಯೇ ಇಲ್ಲವಾ ಎಂದು ಇನ್ನೊಮ್ಮೆ, ಸುತ್ತಿಗೆಯ ಒಂದೊಂದು ಪೆಟ್ಟಿಗೂ ಒಂದೊಂದು ಯೋಚನೆ. ಆ ಹೊತ್ತು ಮೊಳೆ ಹೊಡೆಸಿಕೊಂಡ ಗಿರಾಕಿಯ ಬೂಟು ಇವತ್ತಿಗೂ ಗಟ್ಟಿಯಾಗಿರಬೇಕು.

ಹತ್ತರ ಹೊತ್ತಿಗೆ ಒಂದು ಬೂಟಿಗಾಗಿ ಚರ್ಮ ತೆಗೆದೆ. ಬೆಳಗಿನ ಥಂಡಿಗೆ ಸೆಟೆದುಕೊಂಡಿತ್ತು. ಅಂಥ ಚರ್ಮವನ್ನು ಯಾರೂ ತೆಗೆದ ಕೂಡಲೇ ಮರದ ಅಚ್ಚಿನ ಮೇಲೆ ಹಾಕಿ ಎಳೆಯುವುದಿಲ್ಲ. ಎಳೆದರೆ ಬಿರಿಯುತ್ತದೆ. ಒದ್ದೆ ಬಟ್ಟೆ ಸುತ್ತಿ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವೇ ಎಳೆದು ಬಗ್ಗಿಸಿಕೊಳ್ಳಬೇಕು. ನನ್ನ ಕೈಗಳು ತಮ್ಮಷ್ಟಕ್ಕೆ ಆ ಕೆಲಸ ಮಾಡುತ್ತಿದ್ದವು. ಥಟ್ಟನೆ ನಿಲ್ಲಿಸಿದೆ. ರಾತ್ರಿಯಿಡೀ ಸೆಟೆದುಕೊಂಡ ಅಂಗಾಲಿನ ನಾರಿನ ಮೇಲೆ ಅವಳು ಇಡೀ ಮೈಯ ಭಾರವನ್ನು ಒಮ್ಮೆಲೇ ಹಾಕುತ್ತಿದ್ದಳು, ಅದು ದಿನವೂ ಬಿರಿಯುತ್ತಿತ್ತು. ಸತ್ತ ಚರ್ಮಕ್ಕೆ ನಾನು ತೋರಿಸುತ್ತಿದ್ದ ತಾಳ್ಮೆಯನ್ನು ಮಂಚದ ಆ ಕಡೆ ಮಲಗಿದವಳಿಗೆ ತೋರಿಸಿರಲಿಲ್ಲ.

ಅವತ್ತೇ ಪಾದ ಎಳೆದುಕೊಳ್ಳಲು ಒಂದು ಅಗಲವಾದ ಮೆತ್ತನೆಯ ಚರ್ಮದ ಪಟ್ಟಿ ಕತ್ತರಿಸಿದೆ. ಅಂಗಾಲಿನ ಕಮಾನಿನ ಕೆಳಗೆ ದಿಂಡು ಕೊಟ್ಟು, ಹಿಮ್ಮಡಿಯನ್ನು ಬೆರಳಗಲ ಎತ್ತರಿಸಿ, ಬಗ್ಗಿಸಿದರೆ ನಡುವೆ ಮಡಿಯದಂಥ ಗಟ್ಟಿ ಅಟ್ಟೆಯ ಒಂದು ಜೊತೆ ಚಪ್ಪಲಿ ಮಂಚದ ಪಕ್ಕಕ್ಕೆ, ಅಂಥದೇ ಒಂದು ಜೊತೆ ಬೂಟು ವಾರ್ಡಿಗೆ. ಕಾಗದ ಹಾರದಂತೆ ಅಂಚಿಗೆ ಕಲ್ಲಿಟ್ಟು, ಎದುರಿಗಿಟ್ಟುಕೊಂಡೇ ಕೆಲಸ ಮಾಡಿದೆ. ಹಳೆಯ ಮೂರು ಜೊತೆಯನ್ನು ಬಿಚ್ಚಿ ಸ್ಪಂಜು ತೆಗೆದುಬಿಟ್ಟೆ.

ಮರುದಿನದಿಂದ ಐದಕ್ಕೆ ಅಲಾರಂ ನನ್ನ ಕಡೆ. ಅವಳು ಮಲಗಿರುವಾಗಲೇ ಕಾಲ ಬಳಿ ಕೂತು ಅಂಗಾಲಿಗೆ ಹೆಬ್ಬೆರಳು ಒತ್ತಿ, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ನಿಧಾನವಾಗಿ ಉಜ್ಜುತ್ತಿದ್ದೆ. ಆಮೇಲೆ ಅವಳು ಕಾಲು ಚಾಚಿ ಕೂತು, ಪಟ್ಟಿಯನ್ನು ಪಾದದ ಮುಂಭಾಗಕ್ಕೆ ಸುತ್ತಿ, ಎರಡೂ ತುದಿ ಹಿಡಿದು ಬೆರಳುಗಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ನಾನು ಮೂವತ್ತು ಎಣಿಸಬೇಕು. ಹೀಗೆ ಮೂರು ಸಲ.

“ರೀ, ಬಸ್ಸು ಹಿಡೀಬೇಕಾ ನೀವು? ನಿಧಾನ ಎಣಿಸಿ.”

“ಉಸಿರು ಬಿಡು, ಉಸಿರು ಬಿಡು.”

“ಅದು ನನ್ನ ಡೈಲಾಗು,” ಎಂದು ನಗುತ್ತಿದ್ದಳು. “ದಿನಾ ಎಷ್ಟು ಜನಕ್ಕೆ ಹೇಳ್ತೀನಿ. ಹೇಳಿಸ್ಕೊಳ್ಳೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ.”

ಎಳೆದದ್ದಾದ ಮೇಲೆ ಚಪ್ಪಲಿ ಮೆಟ್ಟಿಯೇ ಇಳಿಯಬೇಕು. ಗೋಡೆಗೆ ಎರಡೂ ಕೈ ಒತ್ತಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಬೇಕು. ಅವಳ ಪಕ್ಕದಲ್ಲಿ ನಾನೂ ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ. ಯಾರಾದರೂ ನೋಡಿದ್ದರೆ ಇಬ್ಬರೂ ಸೇರಿ ಮನೆ ತಳ್ಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಮಧ್ಯಾಹ್ನ ನಾನು ಊಟಕ್ಕೆ ಬರುವಾಗ ಅವಳು ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುತ್ತಾ ಕೂತಿರುತ್ತಿದ್ದಳು. ಪೇಪರು ಓದುವುದನ್ನು ಬಿಟ್ಟೆ. ಆ ಹತ್ತು ನಿಮಿಷ ಅವಳು ವಾರ್ಡಿನ ಕತೆ ಹೇಳುತ್ತಿದ್ದಳು, ಹೆರಿಗೆಗೆ ಬಂದವಳಿಗಿಂತ ಜೋರಾಗಿ ಅತ್ತ ಗಂಡನ ಕತೆ, ಅವಳಿ ಮಕ್ಕಳನ್ನು ಕಂಡು ನರ್ಸಿನ ಕಾಲಿಗೇ ಬಿದ್ದ ಅಜ್ಜಿಯ ಕತೆ. ಇದನ್ನೆಲ್ಲ ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಉತ್ತರ ನನಗೇ ಗೊತ್ತಿತ್ತು.

ಎರಡು ವಾರ ಏನೂ ಆಗಲಿಲ್ಲ. ನನಗೆ ತಾಳ್ಮೆ ಕೆಟ್ಟಿತು, ಅವಳಿಗೆ ಕೆಡಲಿಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ವ್ಯಾಯಾಮದ ಹುಡುಗಿ ಹೇಳಿದ್ದಳಂತೆ. ಮೂರನೆಯ ವಾರ ಮೊದಲ ಹೆಜ್ಜೆಗೆ ಕುರ್ಚಿ ಹಿಡಿಯಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಆ ಶುಕ್ರವಾರವೇ ಯಾರೋ ರಜೆ ಹಾಕಿದರೆಂದು ಅವಳು ಎರಡು ಪಾಳಿ ಒಟ್ಟಿಗೆ ನಿಂತಳು. ಶನಿವಾರ ಮತ್ತೆ ಗೋಡೆ ಹಿಡಿದಳು.

“ಆಗಲ್ಲ ಅನ್ನಬೇಕಿತ್ತು,” ಎಂದು ಕೂಗಾಡಿದೆ.

“ನೋವಿದೆ ಅಂದ್ರೆ ವಾರ್ಡಿಂದ ಕಳಿಸ್ಬಿಡ್ತಾರೆ.”

“ನನ್ನ ಹತ್ರ ಹಂಗೇ ಸುಮ್ನಿದ್ದೆ, ಏನಾಯ್ತು? ನೋವು ಕಮ್ಮಿ ಆಯ್ತಾ?”

ಅವಳು ಪಟ್ಟಿ ತೆಗೆದುಕೊಂಡು ಪಾದಕ್ಕೆ ಸುತ್ತಿದಳು. ನಾನು ಎಣಿಸಿದೆ, ಈ ಸಲ ನಿಧಾನವಾಗಿ.

ಎರಡು ತಿಂಗಳು ತುಂಬಿದ ದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಯ ಗೇಟಿನ ಬಳಿ ಹೋಗಿ ನಿಂತೆ. ಪಾಳಿ ಮುಗಿಯುವಾಗ ದೊಡ್ಡ ಸಿಸ್ಟರ್ ಅವಳನ್ನು ಕರೆದು ತೀರ್ಮಾನ ಹೇಳುವವರಿದ್ದರು. ಬೆಳಿಗ್ಗೆ ಚೆನ್ನಾಗಿಯೇ ನಡೆದುಹೋಗಿದ್ದಳು. ಎರಡೂವರೆಗೆ ಹೊರಗೆ ಬಂದಳು. ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಕುಂಟುವುದು ಎಂದರೆ ಕುಂಟುವುದೇ, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮುಗಿಯಿತು, ಇನ್ನು ಅವಳು ಕುರ್ಚಿಯಲ್ಲಿ ಕೂತು ತೂಕ ಬರೆಯಬೇಕು ಎಂದುಕೊಂಡೆ. ಏನು ಸಮಾಧಾನ ಹೇಳಬೇಕೋ ತೋಚದೆ, “ಇವತ್ತು ಎಷ್ಟು?” ಎಂದು ಕೇಳಿದೆ.

“ಮೂರು. ಎರಡು ಹೆಣ್ಣು, ಒಂದು ಗಂಡು.”

“ಸಿಸ್ಟರ್ ಕರೆದ್ರಾ?”

“ಅವರು ಕರೆಯೋಕೆ ಮುಂಚೆ ನಾನೇ ಹೋದೆ,” ಎಂದಳು. “ಹೇಳ್ಬಿಟ್ಟೆ. ಇನ್ನೂ ನೋವಿದೆ, ಮುಂಚಿನ ಅರ್ಧದಷ್ಟಿದೆ, ಪೂರ್ತಿ ಹೋಗೋಕೆ ಇನ್ನೂ ನಾಲ್ಕು ತಿಂಗಳಾದ್ರೂ ಬೇಕು. ಎರಡು ಪಾಳಿ ಒಟ್ಟಿಗೆ ನಿಲ್ಲಕ್ಕಾಗಲ್ಲ. ಹೆರಿಗೆ ಕೋಣೆಗೆ ಒಂದು ಎತ್ತರದ ಸ್ಟೂಲು ಕೊಡ್ಸಿ. ಆದ್ರೆ ವಾರ್ಡ್ ಬಿಟ್ಟು ಹೋಗಲ್ಲ ಅಂದೆ.”

“ಏನಂದ್ರು?”

“ಬೈದ್ರು. ಒಂದು ಸ್ಟೂಲು ಕೇಳೋಕೆ ಇಷ್ಟು ದಿನ ಏನಾಗಿತ್ತು ನಿಂಗೆ ಅಂದ್ರು.” ನಗುತ್ತಿದ್ದಳು. “ಸೋಮವಾರ ಬರತ್ತಂತೆ ಸ್ಟೂಲು.”

ಆ ಗೇಟಿನಲ್ಲಿ, ಅಷ್ಟು ಜನರ ಎದುರು ಏನು ಮಾಡಬೇಕೋ ಗೊತ್ತಾಗದೆ ಅವಳ ಕೈಚೀಲ ತೆಗೆದುಕೊಂಡೆ. ಇಬ್ಬರೂ ನಾಲ್ಕು ಹೆಜ್ಜೆ ನಡೆದೆವು. ಅವಳು ನಿಂತಳು.

“ತುಂಬ ನೋಯ್ತಿದೆ ರೀ,” ಎಂದಳು. “ಸ್ವಲ್ಪ ಹಿಡ್ಕೊಳ್ಳಿ.”

ನಾನು ತೋಳು ಚಾಚಿದೆ. ಅವಳು ಸಂಕೋಚಪಡದೆ ಪೂರ್ತಿ ಭಾರವನ್ನು ನನ್ನ ಮೇಲೆ ಹಾಕಿದಳು.