ಬಿಟ್ಟ ಮಲ್ಕಮ್ಮ

ಅಫಜಲಪುರದಲ್ಲಿ ಒಬ್ಬರಿಗೆ ಅಡ್ಡಹೆಸರು ಅಂಟಿತೆಂದರೆ ಮುಗಿಯಿತು. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಷ್ಟೇ ಉಳಿಯುತ್ತದೆ. ಯಾವ ಕಾಲದಲ್ಲೋ ಒಬ್ಬ ಮುತ್ತಜ್ಜ ಮದುವೆಯ ಪಂಕ್ತಿಯಲ್ಲಿ ತುಪ್ಪದ ಗಿಂಡಿ ಕೈಜಾರಿ ಚೆಲ್ಲಿದ್ದ. ಅವನ ಮರಿಮಕ್ಕಳು ಇವತ್ತಿಗೂ ತುಪ್ಪಚೆಲ್ಲಿಯವರು. ಅವರ ಮನೆಗೆ ಹೆಣ್ಣು ಕೊಡುವವರು ಈಗಲೂ ತುಪ್ಪವನ್ನು ದೂರ ಇಟ್ಟು ಮಾತಿಗೆ ಕೂರುತ್ತಾರೆ.

ಆದ್ದರಿಂದ ಆ ಸೋಮವಾರ ಬೆಳಿಗ್ಗೆ ಕಿರಾಣಿ ಅಂಗಡಿಯ ಕಲ್ಯಾಣಪ್ಪ ಭಜಿ ಮುರಿಯುತ್ತ “ಬಿಟ್ಟ ಮಲ್ಕಮ್ಮ” ಎಂದಾಗ, ಬೆಂಚಿನ ಮೇಲೆ ಕೂತವರೆಲ್ಲ ನಕ್ಕಾಗ, ಬಾಣಲೆಯ ಮುಂದೆ ನಿಂತಿದ್ದ ಸುಂದರಬಾಯಿ ಮಾತ್ರ ನಗಲಿಲ್ಲ. ಭಜಿ ಅಂಗಡಿ ಅವಳದು. ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಇಲ್ಲಿ ಹುಟ್ಟಿದ ಮಾತು ಮಧ್ಯಾಹ್ನದ ಬಸ್ಸು ಹತ್ತಿ ಸಂಜೆಯೊಳಗೆ ಅತನೂರ, ಗಾಣಗಾಪುರ ಎರಡನ್ನೂ ಮುಟ್ಟುತ್ತದೆ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಂದಿನ ದಿನ ಗುಲಬರ್ಗಾದಲ್ಲಿ ಊರ ಕಾಲೇಜಿನ ಹುಡುಗಿಯರ ವಾಲಿಬಾಲ್ ತಂಡ ಫೈನಲ್‌ನಲ್ಲಿ ಸೋತಿತ್ತು. ಫೈನಲ್ ಎಂದರೆ ಹುಡುಗಾಟಿಕೆಯಲ್ಲ. ಈ ಹುಡುಗಿಯರು ಆಡಿ ಕಲಿತ ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಹೆಚ್ಚು. ಹರಿದ ನೆಟ್ಟಿಗೆ ಸೈಕಲ್ ಅಂಗಡಿಯ ಸಲಾವುದ್ದೀನ ಸುತಳಿ ಹಾಕಿ ಹೊಲಿದುಕೊಟ್ಟಿದ್ದ. ಅವನ ಮಗಳು ಶಮಶಾದಳೇ ತಂಡದ ಕ್ಯಾಪ್ಟನ್. ಅಂಥ ತಂಡ ದೊಡ್ಡ ದೊಡ್ಡ ಕಾಲೇಜುಗಳನ್ನು ಸೋಲಿಸಿ ಫೈನಲ್ ಮುಟ್ಟಿತೆಂದು ಕೇಳಿದಾಗ ಕಲ್ಯಾಣಪ್ಪ ತನ್ನ ತೊಗರಿ ಸಾಗಿಸುವ ಲಾರಿಯನ್ನೇ ಬಿಟ್ಟುಕೊಟ್ಟ. ಅರ್ಧ ಊರು ಲಾರಿ ಹತ್ತಿತು. ಎಲ್ಲರಿಗಿಂತ ಮುಂದೆ ಕೂತವಳು ಸುಂದರಬಾಯಿ.

ಅವಳು ಹೋಗದಿದ್ದರೆ ಹೋದವರಿಗೂ ಸೊಗಸಿರುತ್ತಿರಲಿಲ್ಲ. ಅವಳ ದನಿ ಅಂಥದ್ದು. ಹೊರಟು ನಿಂತ ಬಸ್ಸಿನ ಕಡೆ ತಿರುಗಿ “ಭಜಿ ಬಿಸಿ ಅದಾವ್ರೀ” ಎಂದು ಅವಳು ಒಮ್ಮೆ ಕೂಗಿದರೆ ಡ್ರೈವರನೂ ಇಳಿದು ಬರುತ್ತಿದ್ದ. ಭಾಗ್ಯವಂತಿ ದೇವಿಗೆ ಹರಕೆ ಹೊತ್ತವರು ಘತ್ತರಗಿತನಕ ಯಾಕೆ ಹೋಗಬೇಕು, ಸುಂದರಬಾಯಿಯ ಬಾಯಲ್ಲಿ ಹೇಳಿಸಿದರೆ ಇಲ್ಲಿಂದಲೇ ದೇವಿಗೆ ಕೇಳಿಸುತ್ತದೆ ಎಂದು ಸಲಾವುದ್ದೀನ ಚೇಷ್ಟೆ ಮಾಡುತ್ತಿದ್ದ. ಅವಳಿಗೂ ಆ ದನಿಯ ಬಗ್ಗೆ ಒಳಗೊಳಗೇ ಜಂಬವಿತ್ತು.

ಈಗ ಊರಿನ ಜಂಬವೆಲ್ಲ ಇಳಿದು, ಬೆಂಚಿನ ಮೇಲೆ ಸೋಲಿನ ಪಂಚಾಯಿತಿ ನಡೆದಿತ್ತು.

“ಬಾಲಿನಾಗ ಹವಾ ಜಾಸ್ತಿ ಇತ್ರೀ,” ಎಂದ ಸಲಾವುದ್ದೀನ. ಅವನಿಗೆ ಲೋಕದ ಎಲ್ಲ ತೊಂದರೆಗೂ ಗಾಳಿಯೇ ಕಾರಣ. “ನಾ ಕೈ ಹಚ್ಚಿ ನೋಡೇನಿ. ಕಲ್ಲು ಇದ್ದಂಗ ಇತ್ತು.”

“ಹವಾ ಅಲ್ಲ, ಗಿವಾ ಅಲ್ಲ,” ಎಂದ ಕಲ್ಯಾಣಪ್ಪ. ಕೂಗಿ ಕೂಗಿ ಅವನ ಗಂಟಲು ಒಡೆದುಹೋಗಿತ್ತು. “ಕೈಯಾಗ ಬಂದ ಬಾಲ್ ಬಿಟ್ಟಳಲ್ರೀ ಆ ಹುಡುಗಿ. ಎಲ್ಲಾರೂ ನೋಡೀವಿ.”

ಅದು ಸುಳ್ಳಲ್ಲ. ಕೊನೆಯ ಸೆಟ್ಟು, ಇನ್ನೊಂದು ಪಾಯಿಂಟ್ ಹೋದರೆ ಕಪ್ ಎದುರಿನವರ ಪಾಲು. ಆ ಕಡೆಯ ಎತ್ತರದ ಹುಡುಗಿ ಹೊಡೆದ ಬಾಲು ನೆಟ್ ದಾಟಿ ಹಿಂದಿನ ಗೆರೆಯತ್ತ ಬಂತು. ಅಲ್ಲಿ ಮಲ್ಕಮ್ಮ ನಿಂತಿದ್ದಳು. ಬಾಲು ಗೆರೆಯಾಚೆ ಬೀಳುವಂತಿದ್ದರೆ ಮುಟ್ಟದೆ ಬಿಡಬೇಕು, ಒಳಗೆ ಬೀಳುವಂತಿದ್ದರೆ ಹೇಗಾದರೂ ಎತ್ತಬೇಕು. ಮಲ್ಕಮ್ಮನ ಅಳತೆ ಎಂದೂ ತಪ್ಪಿದ್ದಿಲ್ಲ. ಮೊಣಕಾಲು ಬಗ್ಗಿಸಿ ಎರಡೂ ಕೈ ಜೋಡಿಸಿ ಚಾಚಿದಳು. ಆಮೇಲೆ ಏನಾಯಿತೋ, ಕೈ ಹಿಂದಕ್ಕೆಳೆದುಕೊಂಡು ಪಕ್ಕಕ್ಕೆ ಸರಿದುಬಿಟ್ಟಳು. ಬಾಲು ಗೆರೆಯ ಮೇಲೆಯೇ ಬಿದ್ದು ಸುಣ್ಣದ ಪುಡಿ ಎದ್ದಿತು. ಗೆರೆ ಮುಟ್ಟಿದರೆ ಒಳಗೆಂದೇ ಲೆಕ್ಕ. ರೆಫರಿ ಸೀಟಿ ಊದಿದ.

“ಬಿಟ್ಟ ಮಲ್ಕಮ್ಮ,” ಎಂದು ಕಲ್ಯಾಣಪ್ಪ ಮತ್ತೊಮ್ಮೆ ಅಂದ. ಹೆಸರು ಎರಡನೆಯ ಸಲಕ್ಕೆ ಇನ್ನೂ ಸಲೀಸಾಗಿ ಬಂತು.

“ಸಾವ್ಕಾರ್ರ, ಭಜಿ ತಿನ್ರಿ. ಹುಡುಗಿನ್ನ ತಿನಬ್ಯಾಡ್ರಿ,” ಎಂದಳು ಸುಂದರಬಾಯಿ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಂಚು ಖಾಲಿಯಾಗುವ ಹೊತ್ತಿಗೆ ಮಲ್ಕಮ್ಮನ ತಾಯಿ ಸಾಬವ್ವ ಬಂದಳು. ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಬಟ್ಟೆಯ ಗಂಟನ್ನು ಸುಂದರಬಾಯಿಯ ಮುಂದಿಟ್ಟಳು. ಒಳಗೆ ಬಿಳಿಯ ಕ್ಯಾನ್ವಾಸ್ ಬೂಟು. ಹಿಂದಿನ ವರ್ಷ ಸುಂದರಬಾಯಿಯೇ ಸೊಲ್ಲಾಪುರದಿಂದ ತರಿಸಿ, ತನ್ನನ್ನು ಚಿಕ್ಕಮ್ಮನಂತೆ ‘ಕಾಕು’ ಎನ್ನುವ ಮಲ್ಕಮ್ಮನಿಗೆ ಕೊಟ್ಟಿದ್ದು.

“ಇಟ್ಕೋ ಯಕ್ಕಾ. ಇನ್ನ ಆಡಂಗಿಲ್ಲಂತ,” ಎಂದಳು ಸಾಬವ್ವ. “ನೀರಿಗಿ ಹೋದ್ರ ಬಾವಿ ಕಟ್ಟಿ ಮ್ಯಾಲಿಂದ ಹುಡುಗೂರು ‘ಬಿಟ್ಟ ಮಲ್ಕಮ್ಮ, ಕೊಡ ಬಿಡಬ್ಯಾಡ’ ಅಂತ ನಗತಾವ. ಕಾಲೇಜಿಗೂ ಒಲ್ಲೆ ಅನ್ನಾಕತ್ತಾಳ.”

ಇಷ್ಟು ಬೇಗ ಬಾವಿ ಕಟ್ಟೆ ಮುಟ್ಟಿತೇ! ಸುಂದರಬಾಯಿ ಒಲೆಗೆ ನೀರು ಚಿಮುಕಿಸಿ, ಅಂಗಡಿಯ ತಟ್ಟಿ ಎಳೆದು, ಬೂಟಿನ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಸಾಬವ್ವನ ಹಿಂದೆ ನಡೆದಳು. ಗಂಡ ಸತ್ತ ದಿನ ಮತ್ತು ಹಿಂದಿನ ದಿನದ ಫೈನಲ್ ಬಿಟ್ಟರೆ ಬಸ್ಸಿನ ಹೊತ್ತಿಗೆ ಅವಳು ಅಂಗಡಿ ಮುಚ್ಚಿದ್ದು ಅದೇ ಮೊದಲು.

ಮಲ್ಕಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಳುತ್ತಿರಲಿಲ್ಲ. ಅದೇ ಸುಂದರಬಾಯಿಗೆ ಹೆಚ್ಚು ಸಂಕಟ ತಂದಿತು. ಪಕ್ಕದಲ್ಲಿ ಕೂತು, ಸುತ್ತು ಬಳಸದೆ ಕೇಳಿದಳು.

“ಯಾಕ ಬಿಟ್ಟಿ?”

ಹುಡುಗಿ ರೊಟ್ಟಿ ತಿರುವಿ ಹಾಕಿದಳು.

“ನೀ ಬಿಡು ಅಂದಿ ಕಾಕು. ಬಿಟ್ಟೆ.”

“ನಾನಾ?”

“ಆ ಗದ್ಲದಾಗ ಮತ್ತ ಯಾರ ದನಿನೂ ಕೇಳಿಸ್ಲಿಲ್ಲ. ನಿಂದು ಒಂದೇ ಕೇಳಿಸ್ತು. ‘ಬಿಡಬೇ’ ಅಂದಿ.”

ಸುಂದರಬಾಯಿ ಹಿಂದಿನ ದಿನದ ಕೂಗನ್ನು ನೆನಪಿಸಿಕೊಂಡಳು. ಅವಳು ಕೂಗಿದ್ದು ‘ಬಿಡಬ್ಯಾಡ’ ಎಂದು. ಬಿಡಬ್ಯಾಡ ಎಂದರೆ ಹಿಡಿ, ಬಿಡಬೇಡ. ಬಿಡಬೇ ಎಂದರೆ ಬಿಟ್ಟುಬಿಡೇ ತಾಯಿ. ಊರಿನ ಹೆಣ್ಣುಮಕ್ಕಳನ್ನು ಹುಟ್ಟಿದಾಗಿನಿಂದ ‘ಬಾಬೇ, ಹೋಗಬೇ, ಉಣ್ಣಬೇ’ ಎಂದು ಬೆಳೆಸಿದ ನಾಲಿಗೆ ಅದು. ಎರಡು ಮಾತಿಗೂ ನಡುವೆ ಇದ್ದದ್ದು ಕೊನೆಯ ಒಂದು ‘ಡ’. ಆ ಡಕಾರವನ್ನು ಗುಲಬರ್ಗಾದ ಗದ್ದಲ ನುಂಗಿ ನೀರು ಕುಡಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದವಳ ಮಾತೇ ಹೀಗೆ ಒಡೆದಿತ್ತು.

“ನಿನ್ನ ಕಣ್ಣಿಗಿ ಏನ ಕಂಡಿತ್ತು? ಖರೇ ಹೇಳು.”

“ಒಳಗ ಬೀಳ್ತದ ಅಂತ ಕಂಡಿತ್ತು. ಆದ್ರ ನೀ ಹೇಳಾಕತ್ತೀ ಅಂದ್ಮ್ಯಾಲ ನನ್ನ ಕಣ್ಣೇ ಸುಳ್ಳಿರಬೇಕು ಅನಿಸ್ತು.”

“ಮತ್ತ ಊರ ಮುಂದ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಹೆಸರು ನಿಂಗ ಬೀಳ್ತಿತ್ತು,” ಎಂದು ಮಲ್ಕಮ್ಮ ಇನ್ನೊಂದು ಹಿಟ್ಟಿನ ಮುದ್ದೆಗೆ ಕೈ ಹಾಕಿದಳು.

ಸುಂದರಬಾಯಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. “ಹುಚ್ಚಿ,” ಎಂದಳು. “ನನ್ನ ಮಾತ ನನ್ನ ಗಂಡನೇ ಒಂದಿನ ಕೇಳಿದವನಲ್ಲ. ನೀ ಯಾಕ ಕೇಳಿದಿ? ನಾ ಭಜಿ ಕರಿಯಾಕಿ. ಗೆರಿ ಎಲ್ಲಿ ಅದ, ಬಾಲ್ ಎಲ್ಲಿ ಬೀಳ್ತದ, ನಂಗೇನ ಗೊತ್ತಾಗ್ತದ? ಒದರೋದು ನನ್ನ ಕೆಲಸ, ಆಡೋದು ನಿನ್ನ ಕೆಲಸ.” ಬೂಟಿನ ಗಂಟನ್ನು ಬಿಚ್ಚಲಿಲ್ಲ, ಅಲ್ಲಿ ಬಿಡಲೂ ಇಲ್ಲ. “ಸಂಜೀಕ ನಾ ಮೈದಾನಕ್ಕ ಹೊಂಟೇನಿ. ಬೂಟು ಬೇಕಂದ್ರ ಅಲ್ಲಿಗಿ ಬಾ.”

ಸಂಜೆ ಮೈದಾನದಲ್ಲಿ ಹುಡುಗಿಯರು ಎಂದಿನಂತೆ ನೆಟ್ ಕಟ್ಟಿದ್ದರು. ಕೈಕಾಲಿನಲ್ಲಿ ಜೀವವಿರಲಿಲ್ಲ. ಸೋತ ಎತ್ತಿನ ಬಾಲವನ್ನು ಯಾರೂ ಹಿಡಿಯುವುದಿಲ್ಲ ಎನ್ನುತ್ತಾರೆ, ಆದರೆ ಈ ಊರಿನ ಜನ ಹಾಗಲ್ಲ, ಬಾಲ ತಿರುವುವುದಕ್ಕಾದರೂ ಬರುತ್ತಾರೆ. ಲಾರಿ ಹತ್ತಿದವರೆಲ್ಲ ಗೋಡೆಯ ಪಕ್ಕ ಸೇರಿದ್ದರು. ನಡುವೆ ಕಲ್ಯಾಣಪ್ಪ.

ಸುಂದರಬಾಯಿ ಗೆರೆ ದಾಟಿ ಮೈದಾನದ ಮಧ್ಯಕ್ಕೇ ನಡೆದಳು. ಆಟದ ಮೈದಾನಕ್ಕೆ ಅವಳು ಕಾಲಿಟ್ಟಿದ್ದು ಹಿಂದೆಂದೂ ಇಲ್ಲ.

“ಎಲ್ಲಾರೂ ಕೇಳ್ರಿ. ಬಾಲ್ ಬಿಟ್ಟಾಕಿ ಮಲ್ಕಮ್ಮ ಅಲ್ಲ, ಬಿಡಿಸಿದಾಕಿ ನಾನು. ನಾ ಬಿಡಬ್ಯಾಡ ಅಂತ ಒದರಿದೆ, ಆಕಿಗಿ ಬಿಡಬೇ ಅಂತ ಕೇಳಿಸ್ತು. ಹೆಸರು ಇಡೋದಿದ್ರ ನಂಗ ಇಡ್ರಿ.”

ಕಲ್ಯಾಣಪ್ಪ ನಕ್ಕ. “ಹುಡುಗಿ ಮ್ಯಾಲ ನಿಂಗ ಮಾಯಾ ಅದ, ಅದಕ್ಕ ಕಟ್ಟಿ ಹೇಳಾಕತ್ತಿ. ಬ್ಯಾಡ ಅಂದ್ರ ಬ್ಯಾಡ ಅಂತ ಕೇಳಿಸ್ತದ. ಕಿವಿ ಇದ್ದವರಿಗಿ ಎರಡೂ ಒಂದೇ ಹ್ಯಾಂಗ ಆಗ್ತಾವ?”

“ನಿಮಗ ಕಿವಿ ಅದಾವಲ್ರೀ?”

“ಅದಾವ.”

“ಹಂಗಾದ್ರ ಬರ್ರಿ. ಮಲ್ಕಮ್ಮ ನಿಂತ ಜಾಗದಾಗ ನಿಂದರ್ರಿ. ನಾ ಗೋಡಿ ಕಡೀಂದ ಒದರ್ತೇನಿ. ಬಿಡು ಅಂತೇನೋ, ಬ್ಯಾಡ ಅಂತೇನೋ, ನೀವೇ ಕೇಳಿ ಆಡ್ರಿ. ಆದ್ರ ನಿನ್ನಿ ಒದರಿದಂಗೇ ಒದರ್ತೇನಿ. ರೀ ಗೀ ಹಚ್ಚಂಗಿಲ್ಲ. ಮರ್ಯಾದಿ ಆಮ್ಯಾಲ.”

ಊರ ಮುಂದೆ ಹಿಂದೆ ಸರಿಯುವ ಪೈಕಿಯಲ್ಲ ಕಲ್ಯಾಣಪ್ಪ. ಧೋತರದ ಕಚ್ಚೆ ಎತ್ತಿ ಕಟ್ಟಿ, ಟೋಪಿಯನ್ನು ಒಬ್ಬರ ಕೈಗೆ ಕೊಟ್ಟು, ಹಿಂದಿನ ಗೆರೆಯ ಹತ್ತಿರ ಕೈ ಚಾಚಿ ನಿಂತ. ಹುಡುಗಿಯರು ನಗು ಮುಚ್ಚಲು ಮುಖಕ್ಕೆ ದುಪ್ಪಟ್ಟಾ ಅಡ್ಡ ಹಿಡಿದರು. ಸುಂದರಬಾಯಿ ಗೋಡೆಗೆ ಹೋಗಿ ನಿಂತಳು. ಸಲಾವುದ್ದೀನ ಪಕ್ಕದಲ್ಲೇ ನಿಂತು, ಎಣ್ಣೆಯ ಖಾಲಿ ಡಬ್ಬಿಯೊಂದನ್ನು ಕಲ್ಲಿನಿಂದ ಬಡಿಯತೊಡಗಿದ. ಜನರೂ ಗುಲಬರ್ಗಾದಲ್ಲಿ ಕೂಗಿದಂತೆಯೇ ಕೂಗಿದರು. ಸೋತ ದುಃಖವೆಲ್ಲ ಆ ಕೂಗಿನಲ್ಲಿ ಹೊರಬಿತ್ತು. ಶಮಶಾದ ಆ ಕಡೆಯಿಂದ ಬಾಲನ್ನು ಎತ್ತರಕ್ಕೆ ಹೊಡೆದಳು.

ಬಾಲು ಬಂತು. ಕಲ್ಯಾಣಪ್ಪ ಕೈ ಜೋಡಿಸಿದ. ಸುಂದರಬಾಯಿ ಹೊಟ್ಟೆಯಾಳದಿಂದ ಕೂಗಿದಳು.

“ಬಿಡಬ್ಯಾಡ!”

ಕಲ್ಯಾಣಪ್ಪನ ಎರಡೂ ಕೈ ಕೆಳಗಿಳಿದವು. ಬಾಲನ್ನು ಅಲ್ಲಿಗೇ ಬಿಟ್ಟು ಕೆಂಡದಂಥ ಮುಖ ಮಾಡಿಕೊಂಡು ಗೋಡೆಯ ಕಡೆ ತಿರುಗಿದ.

“ಯಾರಿಗಿ ಬೇ ಅಂತಿ, ಸುಂದರಬಾಯಿ? ರೀ ಹಚ್ಚಂಗಿಲ್ಲ ಅಂದಿ, ಒಪ್ಪೀನಿ. ಬೇ ಅಂತಿಯಾ? ನಾ ಏನ ಹೆಣ್ಮಗಳೇನು?”

ಅವನ ಬೆನ್ನ ಹಿಂದೆ ಬಾಲು ಗೆರೆಯ ಒಳಗೆ ಬಿದ್ದು ಉರುಳುತ್ತ ಹೋಯಿತು. ಡಬ್ಬಿಯ ಸದ್ದು ನಿಂತಿತು. ಸಲಾವುದ್ದೀನ ಕಲ್ಲನ್ನು ಕೆಳಗಿಟ್ಟ.

“ಸಾವ್ಕಾರ್ರ, ಆಕಿ ಬ್ಯಾಡ ಅಂದಾಳ್ರೀ. ನಾ ಬಾಜೂಕೇ ನಿಂತೇನಿ. ಬೇ ಅಂದಿಲ್ಲ.”

ಮೊದಲು ನಕ್ಕವಳು ಶಮಶಾದ. ಆಮೇಲೆ ತಂಡ, ಆಮೇಲೆ ಗೋಡೆಯ ಪಕ್ಕದ ಜನ. ಗುಂಪಿನಿಂದ ಯಾರೋ “ಬಿಟ್ಟ ಕಲ್ಯಾಣಪ್ಪ” ಎಂದರು. ನಗು ಇನ್ನೂ ಜೋರಾಯಿತು. ಕಲ್ಯಾಣಪ್ಪನ ಮುಖದ ಕೆಂಪು ಇಳಿದು ಬಿಳಿಚಿಕೊಂಡಿತು. ಮೂರು ತಲೆಮಾರಿನ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರು ಅವನಿಗೆ ಕಂಡಿರಬೇಕು.

“ಆ ಹೆಸರು ಬ್ಯಾಡ,” ಎಂದಳು ಸುಂದರಬಾಯಿ ಜನರ ಕಡೆ ತಿರುಗಿ. ನಗು ತಟ್ಟನೆ ನಿಂತಿತು. “ಅವರಿಗೂ ಬ್ಯಾಡ, ಹುಡುಗಿಗೂ ಬ್ಯಾಡ. ಗೆದ್ದಿದ್ರ ಲಾರಿ ಮ್ಯಾಲ ನಾವೂ ಕುಣೀತಿದ್ವಿ. ಗೆದ್ರ ನಮ್ಮ ಹುಡುಗ್ಯಾರು, ಸೋತ್ರ ಬಿಟ್ಟ ಮಲ್ಕಮ್ಮ, ಇದ್ಯಾವ ನ್ಯಾಯ? ಸೋತೀವಿ, ಹೌದು. ಫೈನಲ್ ಮುಟ್ಟಿ ಸೋತೀವಿ. ಊರಾಗ ಯಾವ ಗಂಡಸು ಅಲ್ಲಿತನಕ ಮುಟ್ಟ್ಯಾನ, ಹೇಳ್ರಿ.”

ಕಲ್ಯಾಣಪ್ಪ ಟೋಪಿ ಇಸಿದುಕೊಂಡು, ಧೂಳು ಜಾಡಿಸಿ ತಲೆಗಿಟ್ಟ. “ಬರೋ ವರ್ಷನೂ ಲಾರಿ ನಂದೇ,” ಎಂದ ಒಡಕು ದನಿಯಲ್ಲಿ. ಆಮೇಲೆ ಬೇವಿನ ಮರದ ಕಡೆ ಕೈ ಮಾಡಿದ. “ಮೊದ್ಲ ಆಕಿನ್ನ ಒಳಗ ಕರೀರಿ.”

ಗೇಟಿನ ಪಕ್ಕದ ಮರದ ಕೆಳಗೆ ಮಲ್ಕಮ್ಮ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ನೋಡಿದಳೋ, ಯಾರಿಗೂ ತಿಳಿಯದು. ಅಂಗೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ನೇರ ಸುಂದರಬಾಯಿಯ ಹತ್ತಿರ ಬಂದು ಕೈ ಚಾಚಿದಳು. ಸುಂದರಬಾಯಿ ಗಂಟು ಬಿಚ್ಚಿ ಬೂಟು ಕೊಟ್ಟಳು. ಹುಡುಗಿ ಅಲ್ಲೇ ಮಣ್ಣಿನಲ್ಲಿ ಕೂತು ಲೇಸ್ ಕಟ್ಟಿದಳು.

“ಇನ್ನ ಮ್ಯಾಲ ಬಾಲ್ ಬಂದಾಗ ನಿನ್ನ ಮಾತ ಕೇಳಂಗಿಲ್ಲ ಕಾಕು,” ಎಂದಳು ತಲೆ ಎತ್ತದೆ.

“ಕೇಳಬ್ಯಾಡ. ಯಾರದೂ ಕೇಳಬ್ಯಾಡ.”

ಮಲ್ಕಮ್ಮ ಓಡಿ ಹಿಂದಿನ ಗೆರೆಗೆ ಹೋದಳು. ಸುಂದರಬಾಯಿ ಗೋಡೆಗೆ ಮರಳಿದಳು, ಬಾಯಿಯ ಮೇಲೆ ಸೆರಗು ಒತ್ತಿಕೊಂಡು. ಮಲ್ಕಮ್ಮ ಆಡುವಾಗ ಇನ್ನು ಜನ್ಮದಲ್ಲಿ ಕೂಗುವುದಿಲ್ಲ ಎಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು. ಶಮಶಾದ ಬಾಲು ಎತ್ತಿದಳು. ಹೊಡೆಯುವ ಮೊದಲು ಮಲ್ಕಮ್ಮ ಗೋಡೆಯ ಕಡೆ ತಿರುಗಿ ಏನೋ ಕೂಗಿದಳು. ಭೀಮಾ ಹೊಳೆಯ ಕಡೆಯ ಗಾಳಿ ಅದರ ಅರ್ಧವನ್ನು ಹೊತ್ತುಕೊಂಡು ಹೋಯಿತು.

“ಏನಂದಳು?” ಸುಂದರಬಾಯಿ ಕೇಳಿದಳು.

“ಒದರಬ್ಯಾಡ ಅಂದಳು,” ಎಂದ ಸಲಾವುದ್ದೀನ.

“ನಿಂಗ ಕಿವಿ ಇಲ್ಲ,” ಎಂದಳು ಸುಂದರಬಾಯಿ. “ಒದರಬೇ ಅಂದಾಳ.”

ಬಾಯಿಯ ಮೇಲಿನ ಸೆರಗು ತೆಗೆದು, ಬಾಲು ನೆಟ್ ದಾಟುವ ಮೊದಲೇ ಅವಳು ಕೂಗಿದಳು. ಬಸ್ ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಗಾಣಗಾಪುರದ ಬಸ್ಸಿನ ಡ್ರೈವರ್ ತಿರುಗಿ ನೋಡಿದ. ಮಲ್ಕಮ್ಮ ತಿರುಗಿ ನೋಡಲಿಲ್ಲ. ಅವಳ ಕಣ್ಣು ಬಾಲಿನ ಮೇಲಿತ್ತು.